ಬಚ್ಚಲೊಲೆಗೆ ಬಿದ್ದ ನನ್ನ ಸಂಶೋಧನೆ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಕೂಡಲೇ ಅವರ ತೋಟದ ವಿಷಯ ತೆಗೆಯುತ್ತೇನೆ. ಮೂಡಿಗೆರೆ ಕಡೆಯವರಿಗೆ ತೋಟದ ಮಾತು ಸಿಕ್ಕಿದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ ಎನ್ನುವವರೆಗೆ ತೊಂದರೆಯಿಲ್ಲ. ಪಿಎಚ್.ಡಿ. ಯಾವುದರಲ್ಲಿ ಎಂದರೆ ಮಾತ್ರ ಕಷ್ಟ. ಜಿಯೊಲೈಟ್ ಎಂಬ ಬಿಳಿ ಪುಡಿಯಿದೆ, ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಅದಕ್ಕೆ ನಿಕ್ಕಲ್ ಮತ್ತು ತಾಮ್ರ ಹತ್ತಿಸಬೇಕು. ಕಾಫಿ ಸಿಪ್ಪೆಯನ್ನು ಗಾಳಿಯಾಡದಂತೆ ಕಾಯಿಸಿ ತೆಗೆದ ಎಣ್ಣೆಯನ್ನೂ ಡೀಸೆಲ್ಲನ್ನೂ ಒಟ್ಟಿಗೆ ಅದರ ಮೇಲೆ ಹಾಯಿಸಿದರೆ ಎರಡೂ ಬೆರೆತು ಒಂದೇ ಇಂಧನವಾಗಬೇಕು. ಎರಡು ಲೋಹ ಯಾಕೆ ಎಂದು ನನ್ನ ಗಂಡ ಒಮ್ಮೆ ಕೇಳಿದರು. ಒಂದೇ ಇದ್ದರೆ ಬೇಗ ಮಸಿ ಹಿಡಿದು ಕೆಲಸ ನಿಲ್ಲಿಸುತ್ತದೆ, ಜೊತೆಗೆ ಇನ್ನೊಂದಿದ್ದರೆ ಹೆಚ್ಚು ಕಾಲ ದುಡಿಯುತ್ತದೆ ಎಂದೆ. "ತೋಟಕ್ಕೆ ಇಬ್ರು ಮೇಸ್ತ್ರಿ ಇಟ್ಟ ಹಾಗೆ ಅನ್ನು. ಆದ್ರೆ ನಮ್ಮಲ್ಲಿ ಇಬ್ರೂ ಸೇರಿ ಕೂತ್ಕೊಳ್ತಾರೆ" ಎಂದು ಅವರು ಪೇಪರ್ ಓದಲು ಹೋದರು.

ಆ ಸಿಪ್ಪೆ ಎಣ್ಣೆಯ ವಾಸನೆ ಹೇಳಬಾರದು. ಹೊಗೆ, ಹುಳಿ, ಸೀದ ಬೆಲ್ಲ ಎಲ್ಲ ಸೇರಿದ ಹಾಗೆ. ಒಳಗೆ ತರಕೂಡದೆಂದು ನಮ್ಮ ಅತ್ತೆಮ್ಮ ಅಪ್ಪಣೆ ಮಾಡಿದ್ದರಿಂದ ಬಾಟಲಿಯನ್ನು ಬಚ್ಚಲುಮನೆಯಲ್ಲಿ ಸೌದೆಯ ಪಕ್ಕ ಇಟ್ಟಿದ್ದೆ. ಸೋಮವಾರ ಅದನ್ನು ಹಿಡಿದು ಕೊಟ್ಟಿಗೆಹಾರದಿಂದ ಘಾಟಿ ಇಳಿದು ಮಂಗಳೂರಿನ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಅಲ್ಲಿ ಯಂತ್ರಕ್ಕೆ ಪಾಳಿ ಹಚ್ಚಿ ಕಾಯಬೇಕು. ಈ ಸಲ ತಪ್ಪಿದರೆ ಮುಂದಿನ ಪಾಳಿ ಯಾವಾಗಲೋ ಎಂದು ನನ್ನ ಗೈಡ್ ಮೊದಲೇ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಅತ್ತೆಮ್ಮ ಬಚ್ಚಲುಮನೆಯಲ್ಲಿ ಗೊಣಗುವುದು ಕೇಳಿಸಿತು. ಹೋಗಿ ನೋಡುತ್ತೇನೆ, ಬಾಟಲಿ ಖಾಲಿ. ಸೌದೆ ಹಸಿಯಿತ್ತಂತೆ, ಒಲೆ ಹತ್ತಲಿಲ್ಲವಂತೆ. ಹೇಗೂ ಎಣ್ಣೆಯಲ್ಲವೇ ಎಂದು ನನ್ನದನ್ನು ಸುರಿದಿದ್ದಾರೆ. ಅದರಲ್ಲಿ ನೀರಿನಂಶವೇ ಜಾಸ್ತಿ, ಹತ್ತುವುದೆಲ್ಲಿಂದ? ಉಳಿದದ್ದಕ್ಕೆ ಪಂಪ್‌ಸೆಟ್ಟಿನ ಡೀಸೆಲ್ ಹಾಕಿ ಚೊಂಬಿನಲ್ಲಿ ಕದಡುತ್ತಿದ್ದರು.

"ಅತ್ತೆಮ್ಮ, ಅದು ನನ್ನ ಪಿಎಚ್‌ಡಿ."

"ಪಿಎಚ್‌ಡಿಯನ್ನ ಸೌದೆ ಪಕ್ಕ ಯಾರಾದ್ರೂ ಇಡ್ತಾರಾ ಮಾರಾಯ್ತಿ? ನೋಡಿಲ್ಲಿ, ಡೀಸೆಲ್ ಮೇಲೇ ನಿಂತಿದೆ, ನಿಂದು ತಳ ಹಿಡಿದಿದೆ. ಎಷ್ಟು ತಿರುವಿದ್ರೂ ಸೇರಲ್ಲ."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಿಂಡಿಯನ್ನೂ ತಿನ್ನದೆ ಗೈಡ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ನಕ್ಕರು. "ಪುಡಿ ಇಲ್ದೆ ಸೇರಲ್ಲ ಅಂತ ಮೊದಲು ತೋರಿಸ್ಬೇಕು, ಬರೀ ಎರಡು ಎಣ್ಣೆ ಸೇರಿಸಿ ನೋಡಿ ಅಂತ ನಿಮಗೆ ಎಷ್ಟು ಸಲ ಹೇಳಿದ್ದೆ? ನೀವು ಮಾಡ್ಲಿಲ್ಲ, ನಿಮ್ಮ ಅತ್ತೆಯವ್ರು ಮಾಡಿದ್ರು" ಎಂದರು. ಯಾರದೋ ಗುರುವಾರದ ಪಾಳಿಯನ್ನು ನನಗೆ ಕೊಡಿಸಿದರು. ಅಷ್ಟರೊಳಗೆ ಅದೇ ಪ್ರಯೋಗವನ್ನು ಅಳತೆ ಹಿಡಿದು ಮತ್ತೊಮ್ಮೆ ಮಾಡಿ ತರಬೇಕೆಂದು ಷರತ್ತು ಹಾಕಿದರು.

ಕಾಲೇಜಿನಲ್ಲಿ ಹೊಸ ಎಣ್ಣೆಯೇನೋ ತೆಗೆದೆ. ಆದರೆ ಬಂಕಿನವರು ಬಾಟಲಿಗೆ ಡೀಸೆಲ್ ಹಾಕಲು ಒಪ್ಪಲಿಲ್ಲ. ಮಂಗಳವಾರ ಸಂಜೆ ಲೋಟ ಹಿಡಿದು ಅತ್ತೆಮ್ಮನ ಮುಂದೆ ನಿಂತೆ. ಅವರು ಪಂಪ್‌ಸೆಟ್ಟಿನ ಡೀಸೆಲ್ ಕ್ಯಾನನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು.

"ನಿನ್ನ ಎಣ್ಣೆ ಜೊತೆ ಒಳ್ಳೆ ಡೀಸೆಲ್ಲೂ ಕೆಡುತ್ತೆ. ಎರಡೂ ಸೇರೋ ಹಾಗೆ ಮಾಡು, ಆಮೇಲೆ ಕೊಡ್ತೀನಿ."

ಸೇರುವ ಹಾಗೆ ಮಾಡಬೇಕಾದರೇ ಡೀಸೆಲ್ ಬೇಕು ಎಂದೆ. ಅವರು ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಬೆಳಿಗ್ಗೆ ಡೀಸೆಲ್ ಇಲ್ದೆ ಒಲೆ ಹತ್ಸು. ಉಳಿದ ಡೀಸೆಲ್ ನಿಂಗೆ."

ಹೀಗಾಗಿ ಇಂಧನದ ಬಗ್ಗೆ ಪುಟಗಟ್ಟಲೆ ಬರೆದವಳು ಬುಧವಾರ ಬೆಳಿಗ್ಗೆ ಹಸಿ ಸೌದೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಊದುತ್ತಿದ್ದೆ. ಕಣ್ಣಲ್ಲಿ ನೀರು, ಮೂಗಿಗೆಲ್ಲ ಮಸಿ. ಅತ್ತೆಮ್ಮ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಆಯ್ತಾ?" ಎಂದು ಕೇಳಿದರು.

ಇನ್ನೇನು, ಆಗಿಯೇಬಿಡುತ್ತದೆ ಎಂದೆ. ಗೈಡ್‌ಗೂ ಇಷ್ಟು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ.