ಇನ್‌ಸ್ಪೆಕ್ಟರಿಗೆ ಪೇಟ ತೊಡಿಸಿದ ಪ್ರಸಂಗ

ಪೊಲೀಸರನ್ನು ಬಡಾವಣೆಗೆ ಕರೆಸಿ ಸಭೆ ನಡೆಸುವುದು ಕಷ್ಟದ ಕೆಲಸವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಚಿಕ್ಕಬಾಣಾವರದ ನಮ್ಮ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಸಭೆಯ ಉದ್ದೇಶ ಒಂದೇ: ಬಸ್ ಸ್ಟಾಪಿನಿಂದ ಒಳಗೆ ಬರುವ ದೀಪವಿಲ್ಲದ ಗಲ್ಲಿಗೆ ಸಂಜೆ ಹೊತ್ತು ಪೊಲೀಸ್ ಗಸ್ತು ಬೇಕು. ಹಿಂದಿನ ವಾರ ಅಲ್ಲಿ, ಪೀಣ್ಯದ ಗಾರ್ಮೆಂಟ್ಸ್‌ನಿಂದ ಮರಳುತ್ತಿದ್ದ ಶಾಂತಮ್ಮನವರ ಸರಕ್ಕೆ ಬೈಕಿನವನೊಬ್ಬ ಕೈ ಹಾಕಿದ್ದ. ಸರ ಉಳಿಯಿತು. ಕತ್ತಿನ ಮೇಲೆ ಗೀರೂ ಉಳಿಯಿತು. ಗಸ್ತು ಬರದಿದ್ದರೆ ಕೆಲಸ ಬಿಟ್ಟು ತಮ್ಮೂರು ರಾಯಚೂರಿಗೆ ಹೊರಟುಬಿಡುವುದೇ ಸರಿ ಎಂದುಕೊಂಡಿದ್ದ ಆಕೆ, ಅರ್ಧ ದಿನ ರಜೆ ಹಾಕಿ ಸಭೆಗೆ ಬಂದಿದ್ದರು.

ಇನ್‌ಸ್ಪೆಕ್ಟರು ಮೊದಲೇ ಹೇಳಿದ್ದರು: "ಇಪ್ಪತ್ತೇ ನಿಮಿಷ ಸಾರ್. ಸೀದಾ ವಿಷಯಕ್ಕೆ ಬನ್ನಿ."

ವಿಷಯವನ್ನು ನಾನು ಕಾರ್ಯಕ್ರಮ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಇಟ್ಟಿದ್ದೆ!

"ಮೊದ್ಲು ಶಾಂತಮ್ಮನವರಿಗೇ ಮೈಕ್ ಕೊಡ್ರೀ," ಎಂದಳು ಹೆಂಡತಿ ವಿಮಲಾ.

"ಪ್ರಾರ್ಥನೆಗಿಂತ ಮೊದ್ಲೇನೇ? ಸಭಾಮರ್ಯಾದೆ ಅಂತ ಒಂದಿದೆ ಕಣೇ."

ಪ್ರಾರ್ಥನೆಗೆ ನಾಲ್ಕು ನಿಮಿಷ. ನನ್ನ ಸ್ವಾಗತ ಭಾಷಣಕ್ಕೆ ಏಳು. ವೇದಿಕೆಯಲ್ಲಿ ಹನ್ನೊಂದು ಮಂದಿ ಗಣ್ಯರಿದ್ದರು. ಗಣ್ಯರೆಂದರೆ, ಕುರ್ಚಿ ಸಿಗದಿದ್ದರೆ ಸಂಘ ಒಡೆಯುವವರು. ಖಜಾಂಚಿಯ ಹೆಸರು ಬಿಟ್ಟುಹೋಯಿತು. ಅವರು ಎದ್ದು ಹೊರಟರು. ಮರಳಿ ಕರೆತಂದು, ಪ್ರತ್ಯೇಕವಾಗಿ ಸ್ವಾಗತಿಸಲು ಮೂರು ನಿಮಿಷ.

ನಂತರ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ದೊಡ್ಡದಾಗಿ ಇನ್‌ಸ್ಪೆಕ್ಟರ ಕಣ್ಣುಗಳನ್ನು ಪೂರ್ತಿ ಮುಚ್ಚಿತು.

"ಸಾರ್, ಫೋಟೋ ಸರಿಯಾಗ್ ಬಂದಿಲ್ಲ, ಇನ್ನೊಂದ್ಸಲ ಹಾಕಿ," ಎಂದ ಫೋಟೋಗ್ರಾಫರ್. ಹಾಕಿದೆವು. ಒಟ್ಟು ಆರು ನಿಮಿಷ.

ಶಾಂತಮ್ಮ ಮೆಲ್ಲಗೆ ವೇದಿಕೆಯ ಬಳಿ ಬಂದರು. "ಸರ, ನನ್ನ ಪಾಳಿ ಯಾವಾಗ ಬರ್ತದ್ರಿ?"

"ವಂದನಾರ್ಪಣೆಗೆ ಮುಂಚೆ ಅಮ್ಮಾ. ಕೂತ್ಕೊಳ್ಳಿ."

ಇಪ್ಪತ್ತು ನಿಮಿಷ ಮುಗಿದಿತ್ತು. ಇನ್‌ಸ್ಪೆಕ್ಟರು ಎದ್ದು ಪೇಟವನ್ನು ಕುರ್ಚಿಯ ಮೇಲಿಟ್ಟರು. "ತುಂಬಾ ಸಂತೋಷ. ನಿಮ್ ಏರಿಯಾದಲ್ಲಿ ಅಂಥಾ ಸಮಸ್ಯೆ ಏನೂ ಇದ್ದಂಗಿಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ!

ಶಾಂತಮ್ಮ ತಟ್ಟಲಿಲ್ಲ. ಓಡಿಹೋಗಿ, ಹೊರಟಿದ್ದ ಇನ್‌ಸ್ಪೆಕ್ಟರ ಜೀಪಿನ ಬಾಗಿಲು ಹಿಡಿದು ನಿಂತು, ಕತ್ತಿನ ಗೀರು ತೋರಿಸಿ, ಮೈಕಿಲ್ಲದೆ ಹೇಳಿದರು. ಒಂದೂವರೆ ನಿಮಿಷ; ಗಡಿಯಾರ ನೋಡಿದ್ದರಿಂದಲೇ ಹೇಳುತ್ತಿದ್ದೇನೆ. ಇನ್‌ಸ್ಪೆಕ್ಟರು ಬರೆದುಕೊಂಡರು. ಮರುದಿನ ಸಂಜೆಯಿಂದ ಗಲ್ಲಿಯಲ್ಲಿ ಇಬ್ಬರು ಪೊಲೀಸರು ಓಡಾಡತೊಡಗಿದರು.

ಕೀರ್ತಿಯಲ್ಲಿ ನನ್ನ ಪಾಲು ಪಡೆಯಲು ಶಾಂತಮ್ಮನವರ ಬಳಿ ಹೋದೆ. "ಅಂತೂ ನಮ್ಮ ಸಭೆ ಸಾರ್ಥಕ ಆಯ್ತಲ್ಲಮ್ಮಾ!"

"ಹೌದ್ರಿ ಸರ," ಎಂದರು ಆಕೆ, ಬಲು ವಿನಯದಿಂದ. "ಸಾಹೇಬ್ರು ನಡುವೇ ಎದ್ದು ಹೊಂಟ್ರಲ್ರೀ, ಅದೇ ಚಲೋ ಆತು."

ಇನ್‌ಸ್ಪೆಕ್ಟರು ಬಿಟ್ಟುಹೋದ ಪೇಟ ನಮ್ಮ ಮನೆಯಲ್ಲಿದೆ. ಒಮ್ಮೆ ಹಾಕಿ ನೋಡಿದೆ. ನನ್ನ ಕಣ್ಣನ್ನೂ ಪೂರ್ತಿ ಮುಚ್ಚಿತು.

"ನಿಮಗೆ ಸರಿಯಾಗೇ ಇದೆ ಬಿಡಿ," ಎಂದಳು ವಿಮಲಾ.