ನಗಾರಿಯ ಮೇಲಿನ ಬಟಾಣಿ

ಬೋರ್ಕಾಳನ್ನು ಮದುವೆಯಾದ ದಿನ ದೆಮೆತೆರ್ ಮಾತು ಕೊಟ್ಟಿದ್ದ: "ನಿನ್ನನ್ನ ಇನ್ನೊಂದು ಸಲ ವಿಧವೆ ಮಾಡಲ್ಲ ಕಣೇ." ಹಂಗೇರಿಯ ಗಡಿಕೋಟೆಗಳಲ್ಲಿ ಬುದ್ಧಿ ಇದ್ದವರು ಇಂಥ ಮಾತು ಕೊಡುವುದಿಲ್ಲ. ಅವಳ ಮೊದಲ ಗಂಡನ ತಲೆಯನ್ನು ತುರ್ಕರು ಒಯ್ದಿದ್ದರು. ಉಳಿದದ್ದನ್ನು ಪಾದ್ರಿ ಹೂಳಿದ್ದ.

ಈಗ ತುರ್ಕರು ಮತ್ತೆ ಬಂದಿದ್ದರು. ಮರದ ದಿಮ್ಮಿಗೆ ಮಣ್ಣು ಮೆತ್ತಿದ ಆ ಪುಟ್ಟ ಕೋಟೆಯನ್ನು ಸುತ್ತುವರಿದು, ಮದ್ದು ತುಂಬಿ ಸಿಡಿಸಲೆಂದು ನೆಲದಡಿ ಸುರಂಗ ಕೊರೆಯುತ್ತಿದ್ದರು. ಯಾವ ಕೊತ್ತಲದ ಕೆಳಗೆ ಎಂಬುದೊಂದು ಗೊತ್ತಿರಲಿಲ್ಲ. ಅದಕ್ಕೇ ಎರಡು ಕೊತ್ತಲಗಳಲ್ಲೂ ನಗಾರಿ ಇಟ್ಟು, ಅದರ ಮೇಲೆ ಒಣ ಬಟಾಣಿ ಹರಡಿದ್ದರು. ಕೆಳಗೆ ಗುದ್ದಲಿ ಬಿದ್ದರೆ ಮೇಲೆ ಕಾಳು ಕುಣಿಯಬೇಕು. ಪಡುಗೊತ್ತಲದ ನಗಾರಿಗೆ ದೆಮೆತೆರನೇ ಕಾವಲು.

ಕಾವಲಿಗೆ ಕೂರಿಸಿದವರು ಅವನ ಹೊಟ್ಟೆಯನ್ನು ಮರೆತಿದ್ದರು. ಕುದುರೆಗಳು ಮುಗಿದು ಜೀನಿನ ತೊಗಲು ಬೇಯಿಸುತ್ತಿದ್ದ ಕಾಲ. ಬೆಳಿಗ್ಗೆ ಒಂದು ಕಾಳು ಬಾಯಿಗೆ ಹಾಕಿಕೊಂಡ. ಆಮೇಲೆ ಅದಕ್ಕೆ ಜೊತೆಯಿರಲೆಂದು ಇನ್ನೊಂದು. ಬಿಸಿಲೇರುವಷ್ಟರಲ್ಲಿ ನಗಾರಿ ಬೋಳುತಲೆಯಂತೆ ಹೊಳೆಯುತ್ತಿತ್ತು.

ಮೂಡುಗೊತ್ತಲದ ಕಾವಲುಗಾರ ಬೆನೆದೆಕ್ ಹರಟೆಗೆಂದು ಬಂದವನು ಅದನ್ನು ಕಂಡ.

"ಅಯ್ಯೋ ಹೊಟ್ಟೆಬಾಕ! ಕಿಲ್ಲೇದಾರ್ರು ನೋಡಿದ್ರೆ ನೇಣೇ."

"ಏನ್ಮಾಡ್ಲೋ ಈಗ?"

"ಸೀಸದ ಗುಂಡು ಹಾಕು. ಮೇಲೆ ಚೂರು ಮಣ್ಣು ಉದುರಿಸು. ದೂರದಿಂದ ಯಾವನಿಗೆ ಗೊತ್ತಾಗ್ತದೆ?"

ಮಧ್ಯಾಹ್ನ ಕಿಲ್ಲೇದಾರ ಬಂದು ಬಾಗಿಲಲ್ಲೇ ನಿಂತು ನೋಡಿದ. ಗುಂಡುಗಳು ಇಗರ್ಜಿಯಲ್ಲಿ ತೂಕಡಿಸುವ ಮುದುಕಿಯರಂತೆ ತಮ್ಮ ಭಾರಕ್ಕೆ ಅಲುಗದೆ ಕೂತಿದ್ದವು.

"ಭೇಷ್! ಇಲ್ಲಿ ಸುರಂಗ ಇಲ್ಲ. ಹೆಂಗಸರು, ಮಕ್ಕಳು, ಕೋವಿಮದ್ದಿನ ಪೀಪಾಯಿ, ಎಲ್ಲಾ ಈ ಕೊತ್ತಲಕ್ಕೇ ತನ್ನಿ."

ಮೊದಲು ಒಳಗೆ ಬಂದವಳೇ ಬೋರ್ಕಾ. ದೆಮೆತೆರ್ ಮೊಣಕಾಲೂರಿದ.

"ದಣಿ, ಅದು ಬಟಾಣಿ ಅಲ್ಲ. ಬಟಾಣಿ ನಾನು ತಿಂದೆ. ಕೆಳಗೇನಿದೆಯೋ ದೇವ್ರಿಗೇ ಗೊತ್ತು."

ಬೋರ್ಕಾ ಸೊಂಟಕ್ಕೆ ಕೈಯಿಟ್ಟಳು.

"ಒಬ್ಬನೇ ತಿಂದ್ಯಾ? ನಂಗೊಂದು ಹಿಡಿ ಇಡ್ಬೇಕು ಅನ್ನಿಸ್ಲಿಲ್ವಾ?"

"ಇವನನ್ನ ಕಂಬಕ್ಕೆ ಕಟ್ಟಿ. ಸಂಜೆ ನೇಣು," ಎಂದ ಕಿಲ್ಲೇದಾರ, ಪೀಪಾಯಿ ಹೊತ್ತು ಬಂದಿದ್ದ ಬೆನೆದೆಕನತ್ತ ತಿರುಗಿದ. "ನಿನ್ನ ಕಡೆ ಹೇಗಯ್ಯಾ?"

ಬೆನೆದೆಕ್ ನೆಲ ನೋಡಿದ. "ಒಂದೂ ಅಲುಗಿಲ್ಲ, ದಣಿ."

ಹೆಂಗಸರು, ಮಕ್ಕಳು, ಮದ್ದು ಎಲ್ಲ ಮೂಡುಗೊತ್ತಲಕ್ಕೆ ಹೊರಟವು. ಬೋರ್ಕಾ ಕಂಬದ ಬಳಿ ಒಂದು ಗಳಿಗೆ ನಿಂತಳು. "ಸಂಜೆಯೊಳಗೆ ಕಿಲ್ಲೇದಾರ್ರ ಕಾಲು ಹಿಡ್ಕೋತೀನಿ. ನೀನು ಮಾತ್ರ ಇನ್ನೇನೂ ಒಪ್ಕೋಬೇಡ ಮಾರಾಯ," ಎಂದು ಹೇಳಿ ಉಳಿದ ಹೆಂಗಸರ ಹಿಂದೆ ಮೂಡುಗೊತ್ತಲಕ್ಕೆ ನಡೆದಳು.

ಸಂಜೆಗೆ ಮುಂಚೆಯೇ ಮೂಡುಗೊತ್ತಲ ಆಕಾಶಕ್ಕೆ ಹಾರಿತು.

ನೀರು ತರುವ ನೆವದಲ್ಲಿ ಹೊರಗಿದ್ದ ಬೆನೆದೆಕ್ ಹೊಗೆಯೊಳಗಿಂದ ತೆವಳುತ್ತ ಬಂದ. "ನಾನು ಮೊನ್ನೇನೇ ತಿಂದ್ಬಿಟ್ಟಿದ್ದೆ ಕಣೋ," ಎಂದು ಅತ್ತ. "ಅಲ್ಲಿದ್ದದ್ದೂ ಸೀಸವೇ."

ಕಿಲ್ಲೇದಾರ ದೆಮೆತೆರನ ಹಗ್ಗ ಕತ್ತರಿಸಿ, ಕೈಗೆ ಕತ್ತಿ ತುರುಕಿದ. "ನೇಣು ಆಮೇಲೆ. ತುರ್ಕರು ನುಗ್ತಾ ಇದಾರೆ. ಗೋಡೆ ಇಲ್ಲ, ಅಲ್ಲಿ ನೀನೇ ನಿಲ್ಲು."

ಬೋರ್ಕಾ ಮತ್ತೆ ವಿಧವೆಯಾಗಲಿಲ್ಲ. ದೆಮೆತೆರ್ ಮಾತು ಉಳಿಸಿಕೊಂಡ.