ಒಂದು ಓಪನ್, ಒಂದು ಬಂದ್

ನಾನು ವೈಂಡಿಂಗ್ ಕಲಿಸುವ ಮಾಸ್ತರ. ಸಿಂದಗಿಯ ಒಂದು ಐಟಿಐಯಲ್ಲಿ ಹುಡುಗರಿಗೆ ಸುಟ್ಟ ಪಂಪಿನ ಮೋಟಾರು ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ತಿರುಗಿಸುವುದನ್ನು ಕಲಿಸುತ್ತಿದ್ದೆ. ತಂತಿ ಇರುವ ಯಾವ ವಸ್ತುವೂ ನನ್ನೆದುರು ಸುಳ್ಳು ಹೇಳಲಾರದು ಎಂದು ನಂಬಿದ್ದೆ. ಈ ನಂಬಿಕೆಯ ವಿಷಯವನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಅದು ಎಲ್ಲಿಯೂ ಕಾಣಿಸುವುದಿಲ್ಲ.

ನನ್ನ ಹೆಂಡತಿ ಗಿರಿಜಾಳ ತಮ್ಮ ಶಿವು ಪುಣೆಯಲ್ಲಿ ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದ. ಕ್ಯಾಸೆಟ್ಟು ಹೋಗಿ ಸಿಡಿ ಬರುತ್ತಿದ್ದ ಕಾಲ ಅದು. ಅವನಿಗೆ ಮನಗೂಳಿಯ ಸಂಗೀತ ಮಾಸ್ತರರಾದ ಬಸಲಿಂಗಪ್ಪನವರ ಮಗಳು ವಿಜಯಾಳನ್ನು ನೋಡಿ ಆಗಿತ್ತು. ಹುಡುಗ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ಉಳಿದದ್ದು ಮಾಸ್ತರರ ಮಾತು. ಅವರು ಹೊಲ ಎಷ್ಟಿದೆ ಎಂದು ಕೇಳಲಿಲ್ಲ, ಸ್ವಂತ ಮನೆ ಇದೆಯೇ ಎಂದೂ ಕೇಳಲಿಲ್ಲ.

"ನಮ್ಮ ಹುಡುಗಿ ಹಾಡ್ತಾಳ್ರಿ. ಕೇಳೋ ಕಿವಿ ಇದ್ದ ಮನಿಗೆ ಕೊಡಬೇಕಂತ ಮಾಡೇನಿ. ಅಷ್ಟ ನೋಡ್ರಿ," ಎಂದಿದ್ದರು.

ರವಿವಾರ ನಾವು ಮನಗೂಳಿಗೆ ಹೋಗಿ ಮಾತು ಗಟ್ಟಿ ಮಾಡಿಕೊಂಡು ಬರಬೇಕಾಗಿತ್ತು. ಶಿವುವಿಗೆ ತಂದೆ ತಾಯಿ ಇರಲಿಲ್ಲ. ಹೀಗಾಗಿ ಗಂಡಿನ ಕಡೆಯ ಹಿರಿಯ ನಾನೇ. ಕೇಳುವ ಕಿವಿ ಎಂದರೂ ಸದ್ಯಕ್ಕೆ ನನ್ನವೇ ಎರಡು.

ಆ ವಾರ ಪುಣೆಯ ಬಸ್ಸಿನಲ್ಲಿ ಶಿವು ಒಂದು ಪೆಟ್ಟಿಗೆ ಕಳಿಸಿದ. ಅದರ ಹಿಂದೆಯೇ ಫೋನೂ ಬಂತು.

"ಮಾಮಾ, ಎರಡು ಹೆಡ್‌ಫೋನ್ ಅದಾವ ನೋಡ್ರಿ. ಜರ್ಮನಿ ಮಾಲು. ನಮ್ಮ ಮಾಲಕರು ಮದವಿ ಸುದ್ದಿ ಕೇಳಿ ಖುಷಿಲೆ ಕೊಟ್ಟಾರ. ಒಂದು ಓಪನ್ ಐತಿ, ಒಂದು ಬಂದ್ ಐತಿ. ಎರಡೂ ಹಾಕ್ಕೊಂಡು ಕೇಳ್ರಿ. ನಿಮಗ ಹಿಡಿಸಿದ್ದು ನೀವು ಇಟ್ಕೊರಿ. ಇನ್ನೊಂದು ರವಿವಾರ ಮಾಸ್ತರಿಗೆ ಆಹೇರಿ ಕೊಡೂಣು."

ಆಹೇರಿಯ, ಅಂದರೆ ಉಡುಗೊರೆಯ, ಮಾತು ಮುಗಿಸಿ ಇನ್ನೂ ಏನೋ ಹೇಳುತ್ತಿದ್ದ. ಲೈನು ಕಟ್ಟಾಯಿತು. ಆ ಉಳಿದ ಮಾತು ಏನಿತ್ತು ಎಂಬುದು ನನಗೆ ಮನಗೂಳಿಯಲ್ಲಿ, ಎಲ್ಲರೆದುರು ತಿಳಿಯಿತು.

ನಾನು ರಿಸೀವರ್ ಇಟ್ಟು ಗಿರಿಜಾಳಿಗೆ ಹೇಳಿದೆ: "ನಿನ್ನ ತಮ್ಮ ಎರಡೂ ಕೆಟ್ಟದ್ದು ಕಳಿಸ್ಯಾನ."

"ಕೆಟ್ಟದ್ದು ಯಾಕ ಕಳಸ್ತಾನ್ರಿ?"

ನಾನು ಸಮಾಧಾನದಿಂದ ವಿವರಿಸಿದೆ. ನಮ್ಮ ಕಸುಬಿನಲ್ಲಿ ಕಾಯಿಲ್ ಓಪನ್ ಆಗಿದೆ ಎಂದರೆ ಒಳಗೆ ತಂತಿ ಹರಿದಿದೆ ಎಂದರ್ಥ. ಇನ್ನು ಬಂದ್ ಎಂದರೆ ಏನೆಂಬುದನ್ನು ಐಟಿಐಗೆ ಬಂದು ಕಲಿಯಬೇಕಾಗಿಲ್ಲ.

"ಕೆಟ್ಟದ್ದನ್ನ ಬೀಗರಿಗೆ ಆಹೇರಿ ಕೊಡ್ತಾರೇನ್ರಿ ಯಾರರೆ?"

"ಅದಕ್ಕಂತ ನನ್ನ ಕಡೆ ಕಳಿಸ್ಯಾನ. ಮಾಮಾ ರಿಪೇರಿ ಮಾಡ್ತಾರ ಅಂತ ಅವಗ ಗೊತ್ತೈತಿ."

ಮಲ್ಟಿಮೀಟರ್ ತಂದು ಹಚ್ಚಿದೆ. ಮುಳ್ಳು ಎರಡಕ್ಕೂ ಎದ್ದು ನಿಂತಿತು. ಇನ್ನೊಮ್ಮೆ ಹಚ್ಚಿದೆ. ಇನ್ನೊಮ್ಮೆ ಎದ್ದು ನಿಂತಿತು. ಎರಡೂ ನೆಟ್ಟಗಿದ್ದವು!

"ಪುಣೆದಾಗ ಕೆಲಸಾ ಮಾಡ್ತಾನ, ಓಪನ್ ಅಂದ್ರ ಏನಂತ ಗೊತ್ತಿಲ್ಲ," ಎಂದೆ.

"ನಿಮಗ ಗೊತ್ತೈತಲ್ಲ, ಸಾಕು ಬಿಡ್ರಿ," ಎಂದಳು ಗಿರಿಜಾ.

ಇದನ್ನು ನಾನು ಹೊಗಳಿಕೆ ಎಂದು ತಿಳಿದೆ.

ಇನ್ನು ಎರಡರಲ್ಲಿ ಒಂದನ್ನು ಆರಿಸಬೇಕು. ಇಂಥ ಕೆಲಸವನ್ನು ಅವಸರದಲ್ಲಿ ಮಾಡುವ ಮನುಷ್ಯ ನಾನಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಟೇಪ್ ರೆಕಾರ್ಡರ್ ನಡುವೆ ಇಟ್ಟು, ಎಡಕ್ಕೊಂದು ಬಲಕ್ಕೊಂದು ಹೆಡ್‌ಫೋನು ಇಟ್ಟುಕೊಂಡು ನ್ಯಾಯಾಧೀಶನಂತೆ ಕುಳಿತೆ. ಸಾಕ್ಷಿಗೆ ಒಂದು ಸಿತಾರಿನ ಕ್ಯಾಸೆಟ್ಟು, ಒಂದು ಡೊಳ್ಳಿನ ಹಾಡಿನ ಕ್ಯಾಸೆಟ್ಟು.

ಮೊದಲನೆಯದರ ಬೆನ್ನಿನ ಮೇಲೆ ಚಹಾ ಸೋಸುವ ಜಾಳಿಗೆಯಂತೆ ಸಣ್ಣ ಸಣ್ಣ ತೂತುಗಳಿದ್ದವು. ಅದನ್ನು ಹಾಕಿಕೊಂಡೆ. ಇಲ್ಲಿ ನಾನು ಏನೂ ಹೆಚ್ಚಿಗೆ ಹೇಳುತ್ತಿಲ್ಲ: ಗೋಡೆಗಳು ಸರಿದು ನಿಂತವು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ದೂರದ ಓಣಿಯಿಂದ ಹಾಡು ಬರುವಂತೆ ಸಿತಾರು ಬಂತು. ಪ್ರತಿ ತಂತಿಯೂ ತನ್ನ ತನ್ನ ಜಾಗದಲ್ಲಿ ಕುಳಿತಿತ್ತು. ನಾನು ಸುತ್ತಿದ ತಂತಿಗಳು ಒಂದು ದಿನವೂ ಹೀಗೆ ಮಾತಾಡಿರಲಿಲ್ಲ. ನನ್ನ ಕಣ್ಣುಗಳು ತುಂಬಿ ಬಂದವು.

ಎದುರಿಗೆ ಬದನೆಕಾಯಿ ಹೆಚ್ಚುತ್ತ ಕುಳಿತಿದ್ದ ಗಿರಿಜಾ ತಲೆದೂಗುತ್ತಿದ್ದಳು.

"ಯಾಕ ತಲಿ ಅಳ್ಳಾಡಸ್ತಿ?" ಎಂದೆ.

"ಛಲೋ ಬಾರಸ್ತಾನ್ರಿ. ಯಾರವರು?"

"ನಿನಗ್ಹೆಂಗ ಕೇಳಿಸ್ತು?"

"ನಿಮ್ಮ ಕಿವಿಯಾಗಿಂದ ಹೊರಗ ಬರಾಕತ್ತೈತಲ್ರಿ! ಇಲ್ಲಿ ಕುಂತ ನನಗ ಪುಗಸಟ್ಟೆ ಕಚೇರಿ."

ಹೆಡ್‌ಫೋನು ಬಿಚ್ಚಿ ಅದರ ಬೆನ್ನಿಗೆ ಕಿವಿ ಕೊಟ್ಟೆ. ನಿಜ! ಒಳಗೆ ಇರಬೇಕಾದ ಹಾಡು ತೂತುಗಳಿಂದ ಹೊರಗೆ ಹರಿಯುತ್ತಿತ್ತು. ಇಷ್ಟು ತುಟ್ಟಿಯ ವಸ್ತು ಸೋರುತ್ತಿದೆ! ಆದರೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಸೋರಿದರೆ ಸೋರಲಿ, ಇದು ನನಗೇ ಇರಲಿ ಎಂದುಕೊಂಡೆ.

ಆಮೇಲೆ ಎರಡನೆಯದನ್ನು ಹಾಕಿಕೊಂಡೆ. ಇದರ ಬೆನ್ನು ಗಟ್ಟಿ, ಒಂದು ತೂತಿಲ್ಲ. ಕಿವಿಯ ಮೇಲೆ ಕುಳಿತ ಕೂಡಲೇ ಲೋಕ ನಿಂತುಹೋಯಿತು. ಫ್ಯಾನಿನ ಸದ್ದಿಲ್ಲ, ರಸ್ತೆಯ ಟ್ರ್ಯಾಕ್ಟರಿಲ್ಲ. ಡೊಳ್ಳು ಎದೆಗೇ ಬಡಿಯಿತು. ಛಲೋ ಇತ್ತು. ಆದರೆ ಮಾಳಿಗೆ ಇರಲಿಲ್ಲ, ಗಾಳಿ ಇರಲಿಲ್ಲ.

ಗಿರಿಜಾಳ ತುಟಿ ಅಲುಗಿತು. "ಯಾವುದು ಛಲೋ?" ಎಂದು ಕೇಳುತ್ತಿದ್ದಾಳೆ ಎಂದು ಊಹಿಸಿದೆ. ಹೆಂಡತಿಯೊಡನೆ ಗುಟ್ಟಿನಲ್ಲಿ ಆಡುವ ಧ್ವನಿಯಲ್ಲಿ ಉತ್ತರ ಕೊಟ್ಟೆ. ಕನಿಷ್ಠ ನನಗೆ ಹಾಗೆ ಅನ್ನಿಸಿತ್ತು.

"ಆ ತೂತಿಂದು ಭಾಳ ಭಾರಿ ಐತಿ! ಅದನ್ನ ನಾವ ಇಟ್ಕೊಳ್ಳೂಣು! ಮಾಸ್ತರಿಗೆ ಇದ ಸಾಕು! ಹಾರ್ಮೋನಿಯಂ ಒತ್ತಿ ಒತ್ತಿ ಅವರ ಕಿವಿ ಹೋಗಿರ್ತಾವ, ಅವರಿಗೇನ ತಿಳೀತೈತಿ!"

ಗಿರಿಜಾ ಎರಡೂ ಕೈ ಎತ್ತಿ ಅಲುಗಿಸಿದಳು. ಡೊಳ್ಳಿಗೆ ತಾಳ ಹಾಕುತ್ತಿದ್ದಾಳೆ ಎಂದು ತಿಳಿದು ನಾನೂ ಕೈ ಎತ್ತಿದೆ. ಅವಳು ಎದ್ದು ಬಂದು ಹೆಡ್‌ಫೋನು ಕಿತ್ತಳು.

"ಒದರಬ್ಯಾಡ್ರೀ!"

ಬಾಗಿಲಲ್ಲಿ ಪಕ್ಕದ ಮನೆಯ ನೀಲಕ್ಕ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ನಿಂತಿದ್ದಳು. ನೀಲಕ್ಕನ ತವರುಮನೆ ಮನಗೂಳಿ. ಬರೀ ಮನಗೂಳಿಯಲ್ಲ, ಬಸಲಿಂಗಪ್ಪ ಮಾಸ್ತರರ ಓಣಿ.

"ನಾ ಏನೂ ಕೇಳಿಲ್ರೀ ಸರ," ಎಂದಳು ನೀಲಕ್ಕ ತಲೆ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಹಾರ್ಮೋನಿಯಂದು ಅಷ್ಟ ಕೇಳಿಸ್ತು."

ಅವಳು ಮೊಸರು ಮರೆತು ಹೋದಳು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಫೋನಿನ ಡಯಲ್ ತಿರುಗಿಸುವ ಸದ್ದು ಬಂತು. ಆಗ ನನ್ನ ಕಿವಿಯ ಮೇಲೆ ಏನೂ ಇರಲಿಲ್ಲ. ಹೀಗಾಗಿ ಸ್ಪಷ್ಟವಾಗಿ ಕೇಳಿಸಿತು.

ಗಿರಿಜಾ ಬದನೆಕಾಯಿಯ ಮುಂದೆ ಕುಳಿತಳು. ಹೆಚ್ಚಲಿಲ್ಲ.

"ತಂದಿ ಇಲ್ಲದ ಹುಡುಗ್ರೀ ಅಂವ. ಒಂದು ಮದವಿ ಸುಸೂತ್ರ ಆಗಲಿ ಅಂತ ನಿಮ್ಮನ್ನ ಮುಂದ ಮಾಡೇನಿ," ಎಂದಳು.

ನಾನು ಅಲ್ಲಿಯೇ ತೀರ್ಪು ಬದಲಿಸಿದೆ. ತೂತಿನದು ಮಾಸ್ತರರಿಗೆ. ಉತ್ತಮವಾದದ್ದನ್ನೇ ಕೊಟ್ಟರೆ ನೀಲಕ್ಕನ ವರದಿ ಸುಳ್ಳಾಗುತ್ತದೆ. ಆದರೆ ಒಂದು ತೊಡಕಿತ್ತು. ಸೋರುವ ಕೊಡವನ್ನು ಯಾರೂ ಬೀಗರಿಗೆ ಕೊಡುವುದಿಲ್ಲ. ನಾಳೆ ಅವರು ಇದನ್ನು ಹಾಕಿಕೊಂಡು ಕೂಡಬೇಕು, ಪಕ್ಕದವರು ತಲೆದೂಗಬೇಕು, ಆಗ ಮಾಸ್ತರರು ಏನೆಂದುಕೊಂಡಾರು? ಅಲ್ಲದೆ ಶಿವು ಹೇಳಿದ ಓಪನ್ ಎಂದರೆ ಏನೆಂಬುದು ನನಗೆ ಈಗ ಹೊಳೆದಿತ್ತು. ಬೆನ್ನು ಬಾಯಿ ಬಿಟ್ಟಿದೆ, ಮುಚ್ಚಬೇಕು. ಪಾಪ, ಹುಡುಗ ಬಾಯಿ ಬಿಟ್ಟು ಕೇಳಲಾರದೆ ಸೂಚನೆ ಕೊಟ್ಟಿದ್ದಾನೆ!

ಬೋರಿನ ಪೈಪು ಸೋರಿದರೆ ಹಚ್ಚುವ ಅಂಟೊಂದಿದೆ. ಕಪ್ಪು ಉಂಡೆ ಒಂದು, ಬಿಳಿ ಉಂಡೆ ಒಂದು. ಎರಡನ್ನೂ ಕೂಡಿಸಿ ಚಪಾತಿ ಹಿಟ್ಟಿನಂತೆ ನಾದಿ ಹಚ್ಚಿದರೆ ಮರುದಿನಕ್ಕೆ ಕಲ್ಲಾಗುತ್ತದೆ. ನಾನು ನಾದಿದೆ. ಕಡ್ಡಿಯ ತುದಿಯಿಂದ ಒಂದೊಂದೇ ತೂತಿಗೆ ತುಂಬಿದೆ. ಒದ್ದೆ ಹೆಬ್ಬೆರಳಿನಿಂದ ನುಣುಪು ಮಾಡಿದೆ. ಒಣಗಿದ ಮೇಲೆ ಬೂದುಬಣ್ಣ ಎದ್ದು ಕಾಣುತ್ತದೆಂದು ಮೇಲೆ ಕರಿ ಬೂಟ್ ಪಾಲಿಶ್ ತಿಕ್ಕಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿದ್ದಿಲ್ಲ.

ಗಿರಿಜಾಳನ್ನು ಎದುರಿಗೆ ಕೂಡಿಸಿ ಹಾಡು ಹಚ್ಚಿದೆ. "ಕೇಳಸ್ತೈತೇನು?"

"ಇಲ್ರಿ."

"ನೋಡು ಮತ್ತ!"

"ನಿಮಗರೆ ಕೇಳಸ್ತೈತೇನ್ರಿ?"

ಕೇಳಿಸುತ್ತಿತ್ತು. ಸಿತಾರು ಈಗ ನೆಲದಡಿ ಕಾಳು ತುಂಬಿಡುವ ಹಗೇವಿನೊಳಗೆ ಇಳಿದು, ಮೇಲೆ ಜೋಳ ಸುರಿಸಿಕೊಂಡು ಬಾರಿಸುತ್ತಿರುವಂತೆ ಇತ್ತು. ಸೋರಿ ಹೋಗುತ್ತಿದ್ದ ಧ್ವನಿಯೆಲ್ಲ ಒಳಗೇ ಉಳಿದು ದಪ್ಪವಾಗಿದೆ ಎಂದು ನನಗೆ ನಾನೇ ತಿಳಿಹೇಳಿಕೊಂಡೆ.

ರವಿವಾರ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮನಗೂಳಿ ಮುಟ್ಟಿದೆವು. ದಾರಿಯುದ್ದ ಗಟ್ಟಿ ಬೆನ್ನಿನ ಹೆಡ್‌ಫೋನನ್ನು ವಾಕ್‌ಮನ್ನಿಗೆ ಹಚ್ಚಿ ನಾನು ಕೇಳುತ್ತ ಬಂದೆ. ನನ್ನದೇ ತಾನೆ! ಗಿರಿಜಾ ಮಾತ್ರ, ನಾನು ಬಾಯಿ ತೆರೆದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಳು. ಶಿವು ಪುಣೆಯಿಂದ ನೇರವಾಗಿ ಮಾಸ್ತರರ ಮನೆಗೇ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಿಗಿಯಾಗಿ ಕುಳಿತಿದ್ದ.

ಬಸಲಿಂಗಪ್ಪ ಮಾಸ್ತರರು ಕೈ ಮುಗಿದು ಒಳಗೆ ಕರೆದರು.

"ಬರ್ರಿ ಬೀಗರ, ಬರ್ರಿ. ಹಾರ್ಮೋನಿಯಂ ಒತ್ತಿ ಒತ್ತಿ ನಮ್ಮ ಕಿವಿ ಹೋಗ್ಯಾವಂತ ಸಿಂದಗಿಯಿಂದ ಸುದ್ದಿ ಬಂದೈತಿ. ಎಷ್ಟು ಉಳದಾವು ನೋಡೂಣು."

ನಾನು ತಲೆ ತಗ್ಗಿಸಿ, ಆಹೇರಿಯ ತಟ್ಟೆಯಲ್ಲಿ ಹೆಡ್‌ಫೋನು ಇಟ್ಟು, ಎರಡೂ ಕೈಯಿಂದ ಮುಂದೆ ಮಾಡಿದೆ. ಅವರು ತಮ್ಮ ಗುರುಗಳ ಹಾಡಿನ ಹಳೆಯ ಕ್ಯಾಸೆಟ್ಟು ಹಾಕಿ, ಕಣ್ಣು ಮುಚ್ಚಿ ಕೇಳಿದರು. ಕೋಣೆಯಲ್ಲಿ ಒಂದು ಸದ್ದಿಲ್ಲ. ಒಂದಿಷ್ಟೂ ಸೋರುತ್ತಿಲ್ಲ! ನಾನು ಗಿರಿಜಾಳ ಕಡೆ ಗೆದ್ದವನಂತೆ ನೋಡಿದೆ.

ಮಾಸ್ತರರು ಕಣ್ಣು ತೆರೆದರು. "ಬೀಗರ, ಗುರುಗಳ ಹಿಂದ ತಂಬೂರಿ ಇತ್ತು. ಎಲ್ಲಿ ಹೋತ್ರಿ?"

"ಒಳಗ ಇರಬೇಕ್ರಿ," ಎಂದೆ. "ಹೊರಗ ಹೋಗಾಕ ಎಲ್ಲೂ ದಾರಿ ಬಿಟ್ಟಿಲ್ಲ."

ಶಿವು ಹೆಡ್‌ಫೋನು ತೆಗೆದುಕೊಂಡು ತಿರುಗಿಸಿ ನೋಡಿದ. ಅವನ ಬೆರಳು ಕಪ್ಪಾಯಿತು. ಮೂಸಿದ.

"ಮಾಮಾ, ಇದರ ತೂತು ಎಲ್ಲಿ?"

"ಸೋರಾಕತ್ತಿತ್ತಪಾ. ಬಂದ್ ಮಾಡೇನಿ."

"ಅದು ಓಪನ್ ಐತ್ರೀ ಮಾಮಾ! ಹಂಗ ಇರಬೇಕಂತ ಮಾಡಿದ್ದ ಅದು! ಅವು ತೂತಲ್ಲ, ಅದರ ಮೂಗು. ನೀವು ಮೂಗಿನ್ಯಾಗ ಸಿಮಿಟ್ ತುಂಬೀರಲ್ರೀ! ಫೋನಿನ್ಯಾಗ ಹೇಳಾಕತ್ತಿದ್ದೆ, ತೂತು ಮುಟ್ಟಬ್ಯಾಡ್ರಿ ಅಂತ!"

ಮಾಸ್ತರರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಕೇಳೋ ಕಿವಿ ಇದ್ದ ಮನಿ ಹುಡಿಕಿದ್ದೆ," ಎಂದರು. "ಇವರು ಕಿವಿ ಬಂದ್ ಮಾಡೋ ಮಂದಿ ಇದ್ದಂಗ ಕಾಣಸ್ತಾರ."

ಶಿವುವಿನ ಮುಖ ಬಿಳಿಚಿತು. ಗಿರಿಜಾ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಒಳ್ಳೆಯದಿತ್ತು. ನೆಲಕ್ಕೆ ಹಾಸಿದ್ದ ಜಮಖಾನೆಯ ಗೆರೆಗಳನ್ನು ನೋಡುತ್ತ ನಾನು ಕುಳಿತೆ. ಕೆಂಪು, ನೀಲಿ, ಮತ್ತೆ ಕೆಂಪು. ಅವು ಇವತ್ತಿಗೂ ನನಗೆ ನೆನಪಿವೆ.

ಆಗ ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ವಿಜಯಾ ಅಂದಳು: "ಹಂಗಲ್ಲಪಾ. ಸೋರಾಕತ್ತೈತಿ ಅಂತ ತಿಳಕೊಂಡಾರಂದ್ರ, ಅವರು ಕೇಳ್ಯಾರಂತ ಆತಿಲ್ಲೋ? ಕಿವಿ ಇಲ್ಲದವರಿಗೆ ಸೋರೂದು ಹೆಂಗ ಗೊತ್ತಾಕ್ಕಿತ್ತು?"

ಮಾಸ್ತರರು ಮಗಳನ್ನು ನೋಡಿದರು. ನನ್ನನ್ನು ನೋಡಿದರು. ಶಿವುವಿನ ಕಪ್ಪಾದ ಬೆರಳು ನೋಡಿದರು. ಆಮೇಲೆ ಹೊಟ್ಟೆಯಿಂದ ಎದ್ದ ನಗು ಅವರ ಕನ್ನಡಕವನ್ನೇ ಕೆಳಗೆ ಬೀಳಿಸಿತು.

"ಖರೇ ಐತಿ ನೋಡ್ರಿ. ಕಿವಿ ಐತಿ. ಕೈ ಅಷ್ಟ ಕಟ್ಟಿ ಹಾಕಬೇಕು!" ಎಂದು ಹೇಳಿ ಸಕ್ಕರೆ ತರಿಸಿ ಎಲ್ಲರ ಬಾಯಿಗೆ ಹಾಕಿದರು. ಮಾತು ಗಟ್ಟಿಯಾಯಿತು.

ಕೊನೆಗೆ ಮಾಸ್ತರರು, "ಓಪನ್ ಬಂದ್ ಆತು. ಸಿಂದಗಿ ಸುದ್ದಿಯಾಗ ಇನ್ನೊಂದು ಇತ್ತಲ್ರಿ, ಆ ಬಂದ್ ಇದ್ದದ್ದು ಎಲ್ಲೈತ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ನನ್ನ ಚೀಲಕ್ಕೆ ಕೈ ಹಾಕಿದಳು. ಬಸ್ಸಿನಲ್ಲಿ ಕೇಳುತ್ತ ಬಂದದ್ದನ್ನು, ನನ್ನ ಕಿವಿಯ ಬಿಸಿ ಇನ್ನೂ ಆರದಿದ್ದದ್ದನ್ನು, ಆಹೇರಿಯ ತಟ್ಟೆಯಲ್ಲಿ ಇಟ್ಟಳು.

ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಹೀಗೆ ಇತ್ಯರ್ಥವಾಯಿತು. ತೂತಿನದು ನನ್ನ ಬಳಿಯೇ ಉಳಿಯಿತು. ನಾನು ಮೊದಲು ಬಯಸಿದ್ದೂ ಅದನ್ನೇ ಅಲ್ಲವೇ! ಅದರಲ್ಲಿ ಹಾಡು ಕೇಳಲು ಆಗುವುದಿಲ್ಲ. ಹೀಗಾಗಿ ವೈರು ಕತ್ತರಿಸಿ ತೆಗೆದಿದ್ದೇನೆ. ಚಳಿಗಾಲದ ನಸುಕಿನಲ್ಲಿ ಇಂಡಿ ಪಟ್ಟಣದ ಕಡೆ ಬೈಕಿನ ಮೇಲೆ ಹೋಗುವುದಿದ್ದರೆ ಕಿವಿಗೆ ಹಾಕಿಕೊಳ್ಳುತ್ತೇನೆ. ಜರ್ಮನಿಯ ಮಾಲು, ಬೆಚ್ಚಗಿರುತ್ತದೆ. ಎಷ್ಟೇ ಗಾಳಿ ಬೀಸಲಿ, ಒಂದಿಷ್ಟೂ ಒಳಗೆ ಬರುವುದಿಲ್ಲ.

ನನ್ನ ಕೆಲಸ ಅಷ್ಟು ಪಕ್ಕಾ!